ಹತಾರ ಬದಲಿಸುವ ಹೊತ್ತು

ಕೆಲವರು ಹೊಸ ಸಾಮಾನು ಕಂಡರೆ ಸುಮ್ಮನಿರಲಾರರು. ನಾನೂ ಆ ಪಂಗಡಕ್ಕೆ ಸೇರಿದವನೆಂದು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಪಾಠದ ಟಿಪ್ಪಣಿಗಳನ್ನು ಬರೆದಿಟ್ಟುಕೊಳ್ಳುವುದಕ್ಕೆಂದು ಕಳೆದ ಐದಾರು ವರ್ಷಗಳಲ್ಲಿ ನನ್ನ ಮೊಬೈಲಿಗೆ ನಾಲ್ಕು ಬಗೆಯ ಆ್ಯಪ್‌ಗಳು ಬಂದು ಹೋಗಿವೆ. ಒಂದೊಂದು ಬಂದಾಗಲೂ, ಇನ್ನು ಮೇಲೆ ನನ್ನ ಬದುಕು ಕ್ರಮಕ್ಕೆ ಬಂದಿತೆಂದು ಹೆಂಡತಿಯೊಡನೆ ಹೇಳಿಕೊಂಡದ್ದುಂಟು. ಆಕೆ ನಕ್ಕು ಸುಮ್ಮನಾಗುತ್ತಾಳೆ. ಇಂದಿಗೂ ನಾನು ತರಗತಿಗೆ ಹೋಗುವಾಗ ಜೇಬಿನಲ್ಲಿರುವುದು ಹಾಲಿನ ಲೆಕ್ಕದ ಚೀಟಿಯ ಹಿಂಬದಿಯಲ್ಲಿ ಗೀಚಿಕೊಂಡ ನಾಲ್ಕು ಸಾಲು.

ಇಂಥ ನಾನು ಇನ್ನೊಬ್ಬರಿಗೆ, ಅದೂ ಆ ಕಸುಬಿನಿಂದಲೇ ಅನ್ನ ಉಣ್ಣುವವರೊಬ್ಬರಿಗೆ, ಹತಾರ ಬದಲಿಸಿರೆಂದು ಉಪದೇಶ ಮಾಡಲು ಹೋದೆ. ಅದರ ಕಥೆ ಇದು.

ಮೈಸೂರಿನ ಶಿವರಾಂಪೇಟೆಯ ಒಂದು ಓಣಿಯಲ್ಲಿ, ಮಹಡಿಯ ಮೇಲೆ, ಒಂದೇ ಕಿಟಕಿಯ ಒಂದು ಕೋಣೆ. ಅಲ್ಲಿ ಡಿ.ಟಿ.ಪಿ. ಕೆಲಸ ನಡೆಯುತ್ತದೆ. ನಡೆಸುವವರು ಒಬ್ಬರೇ. ಅವರು ನನ್ನನ್ನು ‘ಮೇಷ್ಟ್ರೇ’ ಎನ್ನುತ್ತಾರೆ, ನಾನು ಅವರನ್ನು ‘ಯಜಮಾನರೇ’ ಎನ್ನುತ್ತೇನೆ. ಇಪ್ಪತ್ತು ವರ್ಷದಿಂದ ಹೆಸರಿನ ಅಗತ್ಯ ಬಿದ್ದಿಲ್ಲ. ಆ ಕೋಣೆಯಲ್ಲಿ ಯಜಮಾನರೂ ಅವರೇ, ಗುಮಾಸ್ತರೂ ಅವರೇ, ಬೆಳಿಗ್ಗೆ ಕಸ ಗುಡಿಸುವ ಆಳೂ ಅವರೇ. ಊರಿನ ಎಷ್ಟೋ ಕವಿಗಳ ಮೊದಲ ಸಂಕಲನ ಅವರ ಬೆರಳುಗಳನ್ನು ಹಾದು ಹೊರಬಂದಿದೆ. ಕವಿಗಳ ಕಾಗುಣಿತವನ್ನು ಅವರು ಸದ್ದಿಲ್ಲದೆ ತಿದ್ದುತ್ತಾರೆ. ಛಂದಸ್ಸಿನ ತಂಟೆಗೆ ಹೋಗುವುದಿಲ್ಲ.

ಅವರ ಹತಾರವೆಂದರೆ ಪೇಜ್‌ಮೇಕರ್ ಮತ್ತು ನುಡಿ. ಪೇಜ್‌ಮೇಕರ್ ಹುಟ್ಟಿದ್ದು 1985ರಲ್ಲಿ. 1994ರಲ್ಲಿ ಅದು ಅಡೋಬಿ ಕಂಪನಿಯ ಕೈಗೆ ಹೋಯಿತು. 2001ರಲ್ಲಿ ಬಂದ ಏಳನೆಯ ಆವೃತ್ತಿಯೇ ಅದರ ಕೊನೆಯ ಆವೃತ್ತಿ. ಕನ್ನಡದ ಅಚ್ಚಿನ ಕೆಲಸಕ್ಕೆ ಮಾತ್ರ ಅದು ಆಮೇಲೆಯೂ ಎಷ್ಟೋ ವರ್ಷ ದುಡಿಯಿತು. ತಯಾರಿಸಿದವರು ಕೈಬಿಟ್ಟ ಎತ್ತನ್ನು ನಾವು ಬಿಡದೆ ಹೂಡಿದೆವು ಎನ್ನಬಹುದು.

ನಾನು ಓದಿಕೊಂಡವನಲ್ಲವೇ! ಅವರ ಬಳಿಗೆ ಹೋದಾಗಲೆಲ್ಲ ಯುನಿಕೋಡಿನ ಮಹಿಮೆಯನ್ನು ವರ್ಣಿಸುತ್ತಿದ್ದೆ. ಓದುಗರಲ್ಲಿ ಕೆಲವರಿಗೆ ಇದು ಹೊಸತಿರಬಹುದಾದ್ದರಿಂದ ಎರಡು ಮಾತು. ಹಳೆಯ ಪದ್ಧತಿಯಲ್ಲಿ ಕನ್ನಡ ಅಕ್ಷರವೆಂಬುದೊಂದಿದೆಯೆಂದು ಗಣಕಯಂತ್ರಕ್ಕೆ ತಿಳಿದೇ ಇರಲಿಲ್ಲ. ಇಂಗ್ಲಿಷು ಮೊದಲಾದ ಲಿಪಿಗಳಿಗೆಂದು ಕಟ್ಟಿದ 256 ಮನೆಗಳೊಳಗೆ ನಮ್ಮ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳ ಚಿತ್ರಗಳನ್ನು ಬಾಡಿಗೆಗೆ ಕೂರಿಸಿದ್ದರು. ಆ ಅಕ್ಷರಶೈಲಿ ಇರುವ ಯಂತ್ರದಲ್ಲಿ ತೆರೆದರೆ ಕನ್ನಡ. ಇಲ್ಲದ ಯಂತ್ರದಲ್ಲಿ ತೆರೆದರೆ ಟೊಪ್ಪಿಗೆ ಹಾಕಿಕೊಂಡ ಪರದೇಶದ ಅಕ್ಷರಗಳ ಸಂತೆ. ಯುನಿಕೋಡಿನಲ್ಲಿ ಹಾಗಲ್ಲ; ಕನ್ನಡಕ್ಕೆ ಸ್ವಂತ ಮನೆ ಇದೆ. 1991ರ ಅದರ ಮೊದಲ ಆವೃತ್ತಿಯಲ್ಲೇ ನಮಗೆ ಜಾಗ ಸಿಕ್ಕಿತ್ತು. ಹುಡುಕಿದರೆ ಸಿಕ್ಕುತ್ತದೆ, ಅಕಾರಾದಿಯಾಗಿ ಜೋಡಿಸೆಂದರೆ ಜೋಡಿಸುತ್ತದೆ, ಯಾವ ದೇಶದ ಯಾವ ಯಂತ್ರಕ್ಕೆ ಕಳಿಸಿದರೂ ಕನ್ನಡವಾಗಿಯೇ ಉಳಿಯುತ್ತದೆ. ಪೇಜ್‌ಮೇಕರಿಗೆ ಮಾತ್ರ ಈ ಯುನಿಕೋಡ್ ಕನ್ನಡ ಹತ್ತುವುದಿಲ್ಲ. ಒಂದನ್ನು ಬಿಟ್ಟರೆ ಇನ್ನೊಂದನ್ನೂ ಬಿಡಬೇಕು, ಅಲ್ಲಿರುವುದು ತೊಡಕು.

ಯಜಮಾನರು ನನ್ನ ಭಾಷಣವನ್ನು ತಾಳ್ಮೆಯಿಂದ ಕೇಳುತ್ತಿದ್ದರು. ಒಂದು ದಿನ ಮಾತ್ರ ಕೈ ನಿಲ್ಲಿಸಿ, ಕುರ್ಚಿ ತಿರುಗಿಸಿ ಹೇಳಿದರು:

“ಮೇಷ್ಟ್ರೇ, ಈಗ ನಾನು ದಿನಕ್ಕೆ ಮೂವತ್ತು ಪುಟ ಮಾಡುತ್ತೇನೆ. ಹೊಸದನ್ನು ಕಲಿಯುವ ಮೂರು ತಿಂಗಳು ಹತ್ತು ಪುಟ ಮಾಡಿಯೇನು. ಉಳಿದ ಇಪ್ಪತ್ತು ಪುಟದ ದುಡ್ಡನ್ನು ಯಾರು ಕೊಡುತ್ತಾರೆ? ನಿಮ್ಮ ಕಾಲೇಜಿನಲ್ಲಿ ಹಾಜರಿ ಹಾಕುವ ಪದ್ಧತಿ ಬದಲಾಯಿತೆಂದು ಆವತ್ತು ಗೊಣಗಿದಿರಲ್ಲ, ಆ ತಿಂಗಳ ಸಂಬಳದಲ್ಲಿ ಏನಾದರೂ ಕಡಿಮೆಯಾಯಿತೇ?”

ನಾನು ಬಾಯಿ ಮುಚ್ಚಿಕೊಂಡೆ. ಸಂಸ್ಥೆಯಲ್ಲಿ ದುಡಿಯುವವನಿಗೆ ಹೊಸ ಪದ್ಧತಿ ಬಂದರೆ ಬೇಸರವಷ್ಟೆ. ಒಂಟಿಯಾಗಿ ಅಂಗಡಿ ತೆರೆದವನಿಗೆ ಅದು ಮನೆಯ ಅಕ್ಕಿಯ ಪ್ರಶ್ನೆ. ಅವನು ಕಲಿಯುತ್ತ ಕುಳಿತರೆ ಅವನ ಪರವಾಗಿ ದುಡಿಯುವವರು ಯಾರೂ ಇಲ್ಲ.

ಅವರ ಮನಸ್ಸಿನಲ್ಲಿ ಇನ್ನೊಂದು ನೆನಪೂ ಇತ್ತು. ಅವರ ತಂದೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು. ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ ಅಕ್ಷರವೇ ಬೆರಳಿಗೆ ಬರುತ್ತಿತ್ತಂತೆ. ಆಫ್‌ಸೆಟ್ ಬಂದಾಗ ಮಾಲೀಕರು ಮೊಳೆಗಳನ್ನು ಸೀಸದ ಬೆಲೆಗೆ ತೂಕದ ಲೆಕ್ಕದಲ್ಲಿ ಮಾರಿದರು. ತಂದೆ ಮನೆಯಲ್ಲಿ ಕುಳಿತರು. “ಅಪ್ಪ ಬದಲಾಗಲಿಲ್ಲವೆಂದಲ್ಲ ಮೇಷ್ಟ್ರೇ, ಬದಲಾಗುತ್ತೀಯಾ ಎಂದು ಅವರನ್ನು ಕೇಳಿದವರು ಯಾರು?” ಎಂದರು. ಬೇಗ ಬದಲಿಸಿದರೆ ಈ ತಿಂಗಳ ಊಟ ಹೋಗುತ್ತದೆ, ತಡವಾದರೆ ಕಸುಬೇ ಹೋಗುತ್ತದೆ. ಈ ಎರಡು ಭಯಗಳ ನಡುವೆ ಅವರು ಕೆಲಸ ಮಾಡುತ್ತಿದ್ದರು. ನನಗೆ ಕಂಡದ್ದು ಅವರ ಹಟ ಮಾತ್ರ.

ಆದರೂ ಉಪದೇಶದ ಚಟ ಬಿಡಲಿಲ್ಲ. 2017ರಲ್ಲಿ ನನ್ನದೊಂದು ಪ್ರಬಂಧ ಸಂಗ್ರಹ ಅವರಲ್ಲಿ ತಯಾರಾಗುತ್ತಿತ್ತು. ಅರ್ಧ ಮುಗಿದಿತ್ತು, ಬಿಡುಗಡೆಯ ದಿನ ಗೊತ್ತಾಗಿತ್ತು. ‘ಇದನ್ನಾದರೂ ಹೊಸ ಪದ್ಧತಿಯಲ್ಲಿ ಮಾಡಿ, ನನ್ನ ಪುಸ್ತಕದಿಂದಲೇ ಆರಂಭವಾಗಲಿ’ ಎಂದು ದುಂಬಾಲು ಬಿದ್ದೆ. ಪಾಪ, ದಾಕ್ಷಿಣ್ಯದ ಮನುಷ್ಯ, ಒಪ್ಪಿದರು. ಮಾಡಿದ ಪುಟಗಳನ್ನು ಪರಿವರ್ತಕದಲ್ಲಿ ಹಾಕಿದರು. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ಅಕ್ಷರದ ಹಿಂದೆ ಬರುತ್ತದೆ, ಹೊಸದರಲ್ಲಿ ರಕಾರ ಮುಂದೆ ಬರಬೇಕು. ಈ ಹಿಂದುಮುಂದಿನಲ್ಲಿ ಎಷ್ಟೋ ಪದಗಳು ಕೈಕಾಲು ಮುರಿದುಕೊಂಡವು. ತಿದ್ದಿದ ಕಡತ ಒಂದು, ತಿದ್ದದ ಕಡತ ಒಂದು. ಅವಸರದಲ್ಲಿ ತಿದ್ದದ್ದೇ ಅಚ್ಚಿಗೆ ಹೋಯಿತು. ಹದಿನಾರು ಪುಟದ ಒಂದು ಫಾರಂ ಮತ್ತೆ ಅಚ್ಚಾಗಬೇಕಾಯಿತು. ಅದರ ಖರ್ಚನ್ನು ನಾನು ಕೊಡುತ್ತೇನೆಂದರೆ ಅವರು ತೆಗೆದುಕೊಳ್ಳಲಿಲ್ಲ. “ಕೆಲಸ ನನ್ನದು, ತಪ್ಪೂ ನನ್ನದೇ” ಎಂದರು. ತಪ್ಪು ಯಾರದೆಂದು ನನಗೆ ಗೊತ್ತಿತ್ತು. ಮರುದಿನ ಅವರು ಹಳೆಯ ಪೇಜ್‌ಮೇಕರಿಗೆ ಹಿಂದಿರುಗಿದರು. ನಾನು ಬಹುಕಾಲ ಆ ಮಾತೆತ್ತಲಿಲ್ಲ.

ಆ ಮಾತನ್ನು ಮತ್ತೆ ತೆಗೆದವರು ಅವರೇ, 2022ರಲ್ಲಿ. ತಮ್ಮ ಲೆಕ್ಕದ ಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟರು. ಅದರ ಅಂಚಿನಲ್ಲಿ ಕೆಂಪು ಶಾಯಿಯ ಚುಕ್ಕೆಗಳು. “ಏನಿದು?” ಎಂದೆ. ಈಚೆಗೆ ಲೇಖಕರು ಮೊಬೈಲಿನಲ್ಲೇ ಬರೆದು ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತಾರಂತೆ. ಅದು ಯುನಿಕೋಡ್. ಪೇಜ್‌ಮೇಕರಿಗೆ ಹಾಕಬೇಕಾದರೆ ಅದನ್ನು ಹಿಂದಕ್ಕೆ, ಹಳೆಯ ಪದ್ಧತಿಗೆ, ಪರಿವರ್ತಿಸಬೇಕು. ಆಮೇಲೆ ಮುರಿದ ಅಕ್ಷರಗಳನ್ನು ಕೂಡಿಸಬೇಕು. ಹೀಗೆ ಅರ್ಧ ದಿನ ಹೋದ ಒಂದೊಂದು ಕೆಲಸಕ್ಕೆ ಒಂದೊಂದು ಚುಕ್ಕೆ. 2017ರ ಪುಟಗಳಲ್ಲಿ ಅಲ್ಲೊಂದು ಇಲ್ಲೊಂದು ಇದ್ದವು. ಆ ವರ್ಷದ ಪುಟಗಳಿಗೆ ಸೀತಾಳೆ ಎದ್ದಂತಿತ್ತು. “ಹಳೆಯದನ್ನು ಉಳಿಸಿಕೊಳ್ಳುವ ಕೂಲಿ ಹೊಸದನ್ನು ಕಲಿಯುವ ಕೂಲಿಗಿಂತ ಹೆಚ್ಚಾಯಿತು ಮೇಷ್ಟ್ರೇ. ಈ ಆಷಾಢದಲ್ಲಿ ಬದಲಿಸುತ್ತೇನೆ” ಎಂದರು.

ಆಷಾಢವೇ ಏಕೆ? ಆ ತಿಂಗಳು ಮದುವೆಯ ಕರೆಯೋಲೆ ಇಲ್ಲ, ಪುಸ್ತಕ ಬಿಡುಗಡೆಯೂ ವಿರಳ. ಯಾರಿಗೂ ಮಾತು ಕೊಟ್ಟಿರಲಿಲ್ಲ. ಮೂರು ತಿಂಗಳ ಮನೆಯ ಖರ್ಚನ್ನು ಬೇರೆ ತೆಗೆದಿರಿಸಿದ್ದರು. ಇನ್ನೊಂದು ಸಂಗತಿಯನ್ನೂ ವಿಚಾರಿಸಿಕೊಂಡಿದ್ದರು: ಅವರ ಬೆರಳಿಗೆ ಒಗ್ಗಿದ್ದ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲೇ ಯುನಿಕೋಡನ್ನೂ ಬರೆಯಬಹುದು. ಬೆರಳು ಹೊಸದಾಗಿ ಕಲಿಯಬೇಕಿಲ್ಲ, ಕಣ್ಣು ಕಲಿತರೆ ಸಾಕು. ಇಷ್ಟು ವರ್ಷ ಮಹಿಮೆಯನ್ನು ವರ್ಣಿಸಿದ ನಾನು ಇದೊಂದು ಉಪಯೋಗದ ಮಾತನ್ನು ಹೇಳಿರಲಿಲ್ಲ. ನನಗೆ ತಿಳಿದಿರಲೂ ಇಲ್ಲ.

ಪುಟ ಕಟ್ಟುವುದಕ್ಕೆ ಇನ್‌ಡಿಸೈನ್ ಹಿಡಿದರು. 2012ರ ಆವೃತ್ತಿಯಿಂದ ಅದರಲ್ಲಿ ಭಾರತೀಯ ಲಿಪಿಗಳಿಗೆ ವ್ಯವಸ್ಥೆ ಇದೆ. ಆದರೆ 2013ರಿಂದೀಚೆಗೆ ಆ ಕಂಪನಿ ಹೊಸ ಆವೃತ್ತಿಗಳನ್ನು ಚಂದಾ ಪದ್ಧತಿಗೆ ತಂದಿದೆ. ‘ಸ್ವಂತ ಮನೆ ಬಿಟ್ಟು ಬಾಡಿಗೆ ಮನೆಗೆ ಹೋದಂತಾಯಿತು’ ಎಂದು ಯಜಮಾನರು ಗೊಣಗಿದರು. ಗೊಣಗಾಟ ನ್ಯಾಯವಾದದ್ದೇ. ಅದಕ್ಕೇ ಅವರು ಒಂದು ನಿಯಮ ಮಾಡಿಕೊಂಡಿದ್ದಾರೆ: ಯಾವ ಪುಸ್ತಕ ಮುಗಿದರೂ ಅದರ ಬರಿಯ ಪಠ್ಯವನ್ನು ಯಾವ ಅಲಂಕಾರವೂ ಇಲ್ಲದೆ ಬೇರೆಯಾಗಿ ಉಳಿಸಿಡುವುದು. ನಾಳೆ ಈ ಮನೆಯನ್ನೂ ಬಿಡಬೇಕಾಗಿ ಬಂದರೆ ಪಾತ್ರೆಪರಡಿಯಾದರೂ ಕೈಯಲ್ಲಿರಲಿ ಎಂದು.

ಈ ನಿಯಮದ ಬೆಲೆ ನನಗೆ ತಿಳಿದದ್ದು ಅದೇ ಆಷಾಢದಲ್ಲಿ. ನನ್ನ ಗುರುಗಳು ಹಳ್ಳಿಹಳ್ಳಿ ತಿರುಗಿ ಬೇಸಾಯದ ಪದಗಳನ್ನು ಸಂಗ್ರಹಿಸಿದ್ದರು. ಪುಸ್ತಕ 2003ರಲ್ಲಿ ಯಜಮಾನರ ಕೋಣೆಯಲ್ಲೇ ಸಿದ್ಧವಾಯಿತು. ಗುರುಗಳು 2016ರಲ್ಲಿ ತೀರಿಕೊಂಡರು. ಆಮೇಲೆಯೂ ಸುಮಾರು ಆರುನೂರು ಪದಗಳ ಚೀಟಿಗಳು ಅವರ ಮೇಜಿನ ಬಿಸ್ಕತ್ತಿನ ಡಬ್ಬದಲ್ಲಿ ಉಳಿದಿದ್ದವು. ಅದನ್ನೆಲ್ಲ ಸೇರಿಸಿ ಎರಡನೆಯ ಮುದ್ರಣ ಆಗಲೆಂಬುದು ಗುರುಪತ್ನಿಯವರ ಆಸೆ. ಅವರಿಗೆ ಎಂಬತ್ತು ದಾಟಿತ್ತು.

ಹಳೆಯ ಯಂತ್ರ ಇನ್ನೂ ಉಸಿರಾಡುತ್ತಿದ್ದಾಗಲೇ ಹಳೆಯ ಕಡತಗಳನ್ನೆಲ್ಲ ಹೊರಗೆ ತೆಗೆಯಬೇಕೆಂದು ಯಜಮಾನರು ಹಟ ಹಿಡಿದು ಕುಳಿತರು. ಪೇಜ್‌ಮೇಕರಿನ ಕಡತಗಳನ್ನು ಇನ್‌ಡಿಸೈನಿನ ಹಳೆಯ ಆವೃತ್ತಿಗಳು ತೆರೆಯುತ್ತಿದ್ದವು, ಈಗಿನವು ತೆರೆಯುವುದಿಲ್ಲ. ಇದ್ದ ಬಾಗಿಲು ಅದೊಂದು ಹಳೆಯ ಯಂತ್ರ ಮಾತ್ರ. ಪದಕೋಶದ ಸಿ.ಡಿ.ಗಳು ಐದು, ನಾಲ್ಕು ತೆರೆದವು, ಒಂದು ತೆರೆಯಲಿಲ್ಲ. ಪಕಾರದಿಂದ ಬಕಾರದ ಕೊನೆಯವರೆಗಿನ ಪದಗಳು ಹೋದವು. ಅಚ್ಚಾದ ಪುಸ್ತಕವಿತ್ತಲ್ಲ, ನಾಲ್ಕು ಸಂಜೆ ನಾನು ಓದುತ್ತ ಹೋದೆ, ಅವರು ಹೊಸ ಪದ್ಧತಿಯಲ್ಲಿ ಬರೆಯುತ್ತ ಹೋದರು. ಪೈರು, ಬಣವೆ, ಬದು, ಬಿತ್ತನೆ... ಬಣವೆ ಬಂದಾಗ ಅವರು ಕೈ ನಿಲ್ಲಿಸಿ, “ನಮ್ಮ ಕಡೆ ಮೆದೆ ಅನ್ನುತ್ತೇವೆ” ಎಂದರು. ಮೆದೆಯೂ ಮಕಾರದಲ್ಲಿ ಇತ್ತು. ಗುರುಗಳು ಬಿಟ್ಟಿರಲಿಲ್ಲ.

ಕೊನೆಗೆ ಆರುನೂರು ಹೊಸ ಪದಗಳನ್ನು ಹಳೆಯವುಗಳ ಕೆಳಗೆ ಸುರಿದು ಅಕಾರಾದಿಯಾಗಿ ಜೋಡಿಸೆಂದರು. ಕಣ್ಣು ರೆಪ್ಪೆ ಬಡಿಯುವುದರೊಳಗೆ ಒಂದೊಂದು ಪದವೂ ತನ್ನ ಮನೆಗೆ ಹೋಗಿ ಕುಳಿತಿತು. ಅಲ್ಲೊಂದು ಇಲ್ಲೊಂದನ್ನು ಕೈಯಿಂದ ಸರಿಪಡಿಸಿದ್ದುಂಟು, ಅಷ್ಟೆ. ಗುರುಪತ್ನಿಯವರು ಅಂದು ಕೋಣೆಯಲ್ಲಿದ್ದರು. ಮೊದಲ ಮುದ್ರಣದ ವೇಳೆ ಗುರುಗಳು ನಡುಮನೆಯ ನೆಲದ ಮೇಲೆ ಚೀಟಿಗಳನ್ನು ಹರಡಿ, ಫ್ಯಾನು ಹಾಕಗೊಡದೆ, ಇಡೀ ಬೇಸಿಗೆ ಕುಳಿತು ಜೋಡಿಸಿದ್ದರಂತೆ. “ಅವರು ಇದನ್ನು ನೋಡಬೇಕಾಗಿತ್ತು” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆದರೆ ಆ ಬೇಸಿಗೆಯಲ್ಲಿ ಒಂದೊಂದು ಚೀಟಿಗೂ ಒಂದೊಂದು ಊರಿನ ಕಥೆ ಹೇಳಿದ್ದರು” ಎಂದೂ ಸೇರಿಸಿದರು. ನಾವಿಬ್ಬರೂ ಏನೂ ಹೇಳಲಿಲ್ಲ.

ಎಲ್ಲವೂ ಸುಖವಾಯಿತೆಂದು ನಾನು ಹೇಳುತ್ತಿಲ್ಲ. ಮೂರು ತಿಂಗಳೆಂದದ್ದು ಐದಾಯಿತು. ತಡವಾಯಿತೆಂದು ಒಬ್ಬ ಹಳೆಯ ಗಿರಾಕಿ ಬೇರೆಡೆಗೆ ಹೋದರು, ಹಿಂದಿರುಗಿಲ್ಲ. ಆದರೆ ಲೆಕ್ಕದ ಪುಸ್ತಕದ ಅಂಚಿನಲ್ಲಿ ಈಗ ಕೆಂಪು ಚುಕ್ಕೆಗಳಿಲ್ಲ. ನಾಚಿಕೆಗಾಗಿ ಅವರು ಹತಾರ ಬದಲಿಸಲಿಲ್ಲ, ಮೇಷ್ಟರ ಭಾಷಣಕ್ಕಾಗಿಯೂ ಬದಲಿಸಲಿಲ್ಲ. ತಮ್ಮ ಅರ್ಧ ದಿನಗಳನ್ನು ತಾವೇ ಐದು ವರ್ಷ ಎಣಿಸಿ, ಒಪ್ಪಿಕೊಂಡ ಕೆಲಸಗಳನ್ನೆಲ್ಲ ಮುಗಿಸಿಕೊಟ್ಟು, ಹಳೆಯ ಮನೆಯಿಂದ ಸಾಮಾನು ಹೊರಕ್ಕೆ ಬರುವುದೆಂದು ನೋಡಿಕೊಂಡು ಆಮೇಲೆ ಹೊರಟರು. ಹಳೆಯ ಯಂತ್ರ ಇನ್ನೂ ಮೂಲೆಯಲ್ಲಿ ಹಳೆಯ ಪಂಚೆ ಹೊದ್ದು ಕುಳಿತಿದೆ.

ಮೊನ್ನೆ ಅವರ ಕೋಣೆಗೆ ಹೋದಾಗ, ಟಿಪ್ಪಣಿ ಬರೆದಿಡುವುದಕ್ಕೆ ಒಂದು ಹೊಸ ಆ್ಯಪ್ ಬಂದಿದೆಯೆಂದು, ಬಹಳ ಸೊಗಸಾಗಿದೆಯೆಂದು ಹೇಳತೊಡಗಿದೆ. ಅವರು ತಿರುಗಿ ನೋಡದೆ, ಬೆರಳನ್ನೂ ನಿಲ್ಲಿಸದೆ ಕೇಳಿದರು:

“ಆಷಾಢಕ್ಕೆ ಇನ್ನೂ ಎಷ್ಟು ದಿನವಿದೆ ಮೇಷ್ಟ್ರೇ?”