ಹುಣಸೆಮರದ ಚಳಿಗಾಲದ ಒಕ್ಕಲು

ಮಧುಗಿರಿ ಕಡೆಗೆ ಕ್ಯಾಮೆರಾ ಹೊತ್ತು ಬರುವವರಿಗೆ ಬೇಕಾದದ್ದು ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇರದ ಹಕ್ಕಿ ಅದು. ತಿಮ್ಮಲಾಪುರದ ಕಾಡಿನಲ್ಲಿ ಸಿಗುತ್ತದೆ. ಅದನ್ನು ಹುಡುಕಿ ಹೊರಟವರು ಹುಣಸೆಮರಗಳ ಅಡಿಯಲ್ಲೇ ಹಾದುಹೋಗುತ್ತಾರೆ. ಮೇಲೆ ಎಲೆ ಉಲಿಯಕ್ಕಿ ಕೂಗುತ್ತಲೇ ಇರುತ್ತದೆ, ಯಾರೂ ತಲೆಯೆತ್ತುವುದಿಲ್ಲ. ಎತ್ತಿದರೂ ಕಾಣುವುದೇನು? ಎಲೆಯದೇ ಬಣ್ಣದ, ಎಂಟು ಗ್ರಾಂ ತೂಗುವ, ಕೂತಲ್ಲಿ ಕೂರದ ಒಂದು ಜೀವ.

ನನ್ನ ಪಕ್ಷಪಾತ ಈ ಬಡಪಾಯಿಯ ಕಡೆಗೆ. ಇಂಗ್ಲಿಷಿನವರ ಗ್ರೀನಿಶ್ ವಾರ್ಬ್ಲರ್ ಇದು. ಸೆಪ್ಟೆಂಬರ್ ಹೊತ್ತಿಗೆ ಹಿಮಾಲಯ ಮತ್ತು ಅದರಾಚೆಯಿಂದ ಇಳಿದು ಬಂದು ಏಪ್ರಿಲ್‌ವರೆಗೆ ಇರುತ್ತದೆ. ಬೂದುಹಸಿರು ಬೆನ್ನು, ಮಾಸಲು ಬಿಳಿ ಹೊಟ್ಟೆ, ಕಣ್ಣಿನ ಮೇಲೆ ತೆಳ್ಳನೆಯ ಹುಬ್ಬು, ರೆಕ್ಕೆಯಲ್ಲಿ ಒಂದೇ ಒಂದು ಬಿಳಿಗೆರೆ. ಆ ಗೆರೆಯನ್ನು ನೆಚ್ಚಿಕೊಂಡರೆ ಕೆಟ್ಟಿರಿ. ಶಿವರಾತ್ರಿ ಹೊತ್ತಿಗೆ ಗರಿ ಸವೆದು ಅದೂ ಅಳಿಸಿಹೋಗಿರಬಹುದು. ಬಂಡೆ, ಕಾಂಡಗಳ ಮೇಲೆ ಓಡಾಡಿ ಹುಳು ಹೆಕ್ಕುವ ಹಳದಿಹೊಟ್ಟೆಯ ದಾಯಾದಿಗಂತೂ ಗೆರೆಯೇ ಇಲ್ಲ.

ಹಾಗಾಗಿ ಕಣ್ಣಿಗಿಂತ ಕಿವಿಯೇ ವಾಸಿ. 'ಚಿಸ್‌ವೀ' ಎಂದು ಒಂದೇ ಉಸಿರಿಗೆ ಎರಡು ತುಣುಕು. ಮೊದಲು ದನಿ, ಆಮೇಲೆ ಅಲುಗುವ ಎಲೆ, ಕೊನೆಗೆ ಅದೃಷ್ಟವಿದ್ದರೆ ಹಕ್ಕಿ. ಹಕ್ಕಿಗಳೂ ಕಿವಿಯನ್ನೇ ನಂಬುತ್ತವೆ. ಟಿಬೆಟ್ಟಿನ ಎರಡೂ ಬದಿಯಿಂದ ಇವುಗಳ ಸಂತತಿ ಉತ್ತರಕ್ಕೆ ಹಬ್ಬುತ್ತಾ ಹಾಡು ಅಷ್ಟಷ್ಟೇ ಬದಲಾಯಿತು; ಸೈಬೀರಿಯಾದಲ್ಲಿ ಮತ್ತೆ ಎದುರಾದಾಗ ಒಂದರ ಹಾಡು ಇನ್ನೊಂದಕ್ಕೆ ತನ್ನವರದೆನಿಸಲಿಲ್ಲ, ಸಂಬಂಧವೂ ಕೂಡಲಿಲ್ಲ. ಡ್ಯಾರೆನ್ ಇರ್ವಿನ್ ಮತ್ತು ಜೊತೆಗಾರರು 2001ರಲ್ಲಿ ಬರೆದ ಸಂಗತಿ ಇದು.

ಒಮ್ಮೆ ಹುಣಸೆಹಣ್ಣಿನ ಕಾಲ. ಮರದ ಮೇಲೊಬ್ಬರು ಕೋಲಿನಿಂದ ಹಣ್ಣು ಬಡಿಯುತ್ತಿದ್ದರು. ಕೆಳಗೆ ಹಾಸಿದ ಗೋಣಿತಾಟಿನ ಮೇಲೆ ಕಾಯಿ ಪಟಪಟ ಬೀಳುತ್ತಿದ್ದವು.

"ಏನ್ ನೋಡ್ತಿದ್ದೀರ ಸ್ವಾಮಿ?"

ಕೂಗುವ ಹಕ್ಕಿ ಎಂದೆ.

"ಓ, ಅದಾ. ಚಳಿ ಬಿದ್ದಾಗಿಂದ ಇದೇ ಮರದಾಗೆ ಬಡ್ಕೊಳ್ತಾ ಐತೆ."

ಅವರು ಹೇಳಿದ್ದು ಸರಿ. ಟ್ರೆವರ್ ಪ್ರೈಸ್ ಪೂರ್ವಘಟ್ಟದಲ್ಲಿ ಇವುಗಳ ಚಳಿಗಾಲದ ಬಾಳುವೆಯನ್ನು ಅಭ್ಯಾಸ ಮಾಡಿ 1981ರಲ್ಲಿ ಪ್ರಕಟಿಸಿದರು: ಒಂದೊಂದು ಹಕ್ಕಿಯೂ ತನ್ನದೇ ಜಾಗ ಹಿಡಿದು ಚಳಿಗಾಲ ಪೂರ್ತಿ ಕಾಯುತ್ತದೆ. ದಿನವಿಡೀ ಕೂಗುವುದೂ ನೆರೆಯವನನ್ನು ದೂರವಿಡಲು. ಇದನ್ನೆಲ್ಲ ಕೂಗಿ ಹೇಳಿದೆ. ಅವರಿಗೆ ನಗು ಬಂತು.

"ಹಿಮಾಲಯದಿಂದ ಬಂದು ಇಲ್ಲಿ ಬದುವಿನ ಜಗಳವಾ? ಈ ಮರಾನೂ ಬದುವಿನ ಮೇಲೇ ಐತೆ ಸ್ವಾಮಿ. ಆಕಡೆ ಕೊಂಬೆ ಅಣ್ಣಂದು, ಈಕಡೆದು ನಂದು. ಹಕ್ಕಿ ಯಾರ ಕಡೆಗೈತೆ ನೋಡಿ ಹೇಳಿ."

ಹಕ್ಕಿ ಆ ಹೊತ್ತಿಗೆ ಅಣ್ಣನ ಕೊಂಬೆಯಲ್ಲಿತ್ತು.