ಲೆಕ್ಕಕ್ಕೆ ಹಿಡಿಯದ ಔಟ್

ದ್ವಿತೀಯ ಪಿಯುಸಿ ಅಕೌಂಟೆನ್ಸಿಯಲ್ಲಿ ‘ಸ್ಯಾಕ್ರಿಫೈಸಿಂಗ್ ರೇಶಿಯೋ’ ಬರುತ್ತದೆ. ಹೊಸ ಪಾಲುದಾರ ಸೇರಿದಾಗ ಹಳಬರು ತಮ್ಮ ಲಾಭದ ಪಾಲಿನಲ್ಲಿ ಎಷ್ಟು ಬಿಟ್ಟುಕೊಟ್ಟರು ಎಂಬ ಲೆಕ್ಕ ಅದು. ಅದಕ್ಕೆ ಪ್ರತಿಯಾಗಿ ಹೊಸಬ ತಂದ ಗುಡ್‌ವಿಲ್ ಹಣ ಹಳಬರ ಖಾತೆಗೆ ಜಮಾ ಆಗುತ್ತದೆ. ಇದೇ ಪದ ಅಮೆರಿಕದ ಬೇಸ್‌ಬಾಲ್‌ನಲ್ಲೂ ಇದೆ ಎಂದು ‘ಮನಿಬಾಲ್’ ಸಿನಿಮಾ ನೋಡಿದ ಮೇಲೆ ಹುಡುಕಿ ತಿಳಿದುಕೊಂಡೆ. ಅಲ್ಲಿ ಅದು ‘ಸ್ಯಾಕ್ರಿಫೈಸ್ ಬಂಟ್’.

ಕ್ರಿಕೆಟ್ ನೋಡುವ ನಮಗೆ ಇದು ವಿಚಿತ್ರ. ಮೊದಲ ಬೇಸಿನಲ್ಲಿ ತಂಡದ ಒಬ್ಬ ನಿಂತಿದ್ದಾನೆ ಎನ್ನಿ. ಬ್ಯಾಟ್ ಮಾಡುವವನು ಬೀಸಿ ಹೊಡೆಯುವುದಿಲ್ಲ. ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಮೆಲ್ಲಗೆ ಉರುಳಿಸುತ್ತಾನೆ. ಫೀಲ್ಡರ್ ಅದನ್ನು ಹೆಕ್ಕಿ ಅವನನ್ನು ಔಟ್ ಮಾಡುವಷ್ಟರಲ್ಲಿ ಮೊದಲಿನವನು ಎರಡನೇ ಬೇಸ್ ಮುಟ್ಟಿರುತ್ತಾನೆ.

ನನಗೆ ಹಿಡಿಸಿದ್ದು ಇದರ ಲೆಕ್ಕ. 100 ಅವಕಾಶದಲ್ಲಿ 30 ಹಿಟ್ ಹೊಡೆದವನ ಸರಾಸರಿ .300. ಅವನು ಇನ್ನೂ 10 ಸಲ ಹೀಗೆ ಔಟಾದರೂ ಅದು .300 ಆಗಿಯೇ ಉಳಿಯುತ್ತದೆ. ಆ ಔಟ್‌ಗಳನ್ನೂ ಸೇರಿಸಿದ್ದರೆ .273ಕ್ಕೆ ಇಳಿಯುತ್ತಿತ್ತು. ಎಡ್ಡಿ ಕಾಲಿನ್ಸ್ ಎಂಬ ಆಟಗಾರನ ಹೆಸರಿನಲ್ಲಿ ಇಂಥ 512 ಇವೆ, ಅದೇ ದಾಖಲೆ. ಆದರೆ ಅವನು ತಾನೇ ಬೇಸ್ ಗಿಟ್ಟಿಸಲು ಬಂಟ್ ಮಾಡಿದ ಎಂದು ಅಧಿಕೃತ ಸ್ಕೋರರ್‌ಗೆ ಅನ್ನಿಸಿದರೆ ಈ ರಿಯಾಯಿತಿ ಇಲ್ಲ. ಅಂದರೆ ಯಾಕೆ ಔಟಾದ ಎಂಬುದನ್ನೂ ಒಬ್ಬರು ಕೂತು ನೋಡುತ್ತಾರೆ!

ಇನ್ನಿಂಗ್ಸಿಗೆ ಇರುವುದೇ ಮೂರು ಔಟ್, ಅದರಲ್ಲಿ ಒಂದನ್ನು ಕೈಯಾರೆ ಕೊಡುವುದು ನಷ್ಟದ ವ್ಯಾಪಾರ ಎಂಬುದು ಓಕ್ಲಂಡ್ ತಂಡ ನಡೆಸಿದ ಬಿಲ್ಲಿ ಬೀನ್ ಅವರ ನಿಲುವು. ಕಾಮರ್ಸ್ ವಿದ್ಯಾರ್ಥಿಯಾಗಿ ಒಪ್ಪಲೇಬೇಕು. ಆದರೆ ನಮ್ಮ ಮನೆಯಲ್ಲಿ ಆಪಾ ಇದ್ದಾಳೆ.

ಅಬ್ಬಾಗೆ ಹುಷಾರಿಲ್ಲದ ವರ್ಷ ಇಬ್ಬರ ಫೀಸು ಹೊಂದಿಸಲಾಗಲಿಲ್ಲ. ಆಪಾ ಬಿ.ಕಾಂ. ಬಿಟ್ಟು ಹೊಲಿಗೆ ಮಷಿನ್ ಮುಂದೆ ಕೂತಳು. ಮದುವೆಮನೆಗಳಲ್ಲಿ ನೆಂಟರು “ಫೇಲಾದಳಾ?” ಎಂದು ಅಮ್ಮಿಯನ್ನು ಕೇಳುತ್ತಾರೆ. ಉರ್ದುವಿನಲ್ಲಿ ‘ಕುರ್ಬಾನಿ’ ಎಂಬ ದೊಡ್ಡ ಪದ ಇದೆ. ಅದನ್ನು ತನಗೆ ಹಚ್ಚಲು ಆಪಾ ಬಿಡುವುದಿಲ್ಲ.

ಮೊನ್ನೆ ಅವಳಿಗೆ ಈ ನಿಯಮ ವಿವರಿಸಿದೆ. ಸರಾಸರಿಯ ವಿಷಯ ಅವಳ ಕಿವಿಗೇ ಬೀಳಲಿಲ್ಲ.

“ಎರಡನೇ ಬೇಸಿಗೆ ಹೋದವನು ಆಮೇಲೆ ರನ್ ಮಾಡಿದನಾ?” ಎಂದಳು.

“ಪ್ರತಿ ಸಲ ಆಗಲ್ಲ ಆಪಾ.”

ಅವಳು ದಾರ ಕಡಿದು, “ನಾಳೆ ನಿನಗೆ ಟೆಸ್ಟ್ ಇದೆ ಅಲ್ವಾ?” ಎಂದು ಕೇಳಿದಳು.