ಹಿರೇಮದ್ದಿನ ಗುರುತು

ಪುಷ್ಯಮಾಸದಲ್ಲಿ ಕೊಪ್ಪಳದ ಗವಿಸಿದ್ಧೇಶ್ವರನ ಜಾತ್ರೆಗೆ ಬರುವವರು ರಥೋತ್ಸವವನ್ನು ನೋಡುವರು. ಆಸಕ್ತರು ಗವಿಮಠದ ಬೆಟ್ಟದಲ್ಲಿ ೧೯೩೧ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವನ್ನೂ ನೋಡುವರು. ಅದೇ ಚಳಿಗಾಲದಲ್ಲಿ ಹಾದಿಯ ಬದಿಗೆ ಕೆಂಪು ಹಣ್ಣು ತಳೆದು ನಿಲ್ಲುವ ಬೂದುಹಸಿರಿನ ಪೊದೆಯೊಂದನ್ನು ತಿರುಗಿ ನೋಡುವವರು ವಿರಳ. ಅದೇ ಹಿರೇಮದ್ದು, ಸಂಸ್ಕೃತದ ಅಶ್ವಗಂಧ.

ಗಂಗಾವತಿಯ ಕಡೆ, ತುಂಗಭದ್ರೆಯ ಕಾಲುವೆಯ ನೀರುಂಡ ಗದ್ದೆಗಳಲ್ಲಿ ಇದನ್ನು ಅರಸುವುದು ವ್ಯರ್ಥಶ್ರಮ. ನೀರು ನಿಂತ ನೆಲ ಇದಕ್ಕೆ ಒಗ್ಗದು. ನಾವು ಇದನ್ನು ಹುಡುಕಿದ್ದು ಯಲಬುರ್ಗಿ, ಕುಷ್ಟಗಿಗಳ ಒಣನೆಲದಲ್ಲಿ, ಹಾಳುಗೋಡೆಗಳ ಬುಡದಲ್ಲಿ. ಕ್ರಿ.ಶ. ೧೧೧೨ರಲ್ಲಿ ಮಹಾದೇವ ದಂಡನಾಯಕನು ಕಟ್ಟಿಸಿದ ಇಟಗಿಯ ದೇವಾಲಯಕ್ಕೆ ಹೋಗುವ ವಾಚಕರು ದಾರಿಯುದ್ದಕ್ಕೂ ಒಂದು ಕಣ್ಣಿಟ್ಟಿರಲಿ. ಸುತ್ತಲಿನ ಹುಲ್ಲೆಲ್ಲ ಒಣಗಿದರೂ ಇದು ಹಸಿರನ್ನು ಬಿಡದು.

ಗಿಡವು ಸೊಂಟದೆತ್ತರ, ಅಪರೂಪವಾಗಿ ಎದೆಯೆತ್ತರ. ಎಳೆಗೊಂಬೆಗಳ ಮೇಲೆ ಬೂದಿ ಎರಚಿದಂತೆ ನವಿರು. ಹಳದಿಹಸಿರು ಬಣ್ಣದ ಕಿರುಹೂಗಳು ಎಲೆಯ ಕಂಕುಳಲ್ಲಿ ನಾಲ್ಕೈದಾಗಿ ಒತ್ತಿಕೊಂಡಿರುವುವು. ಹೂ ಮುಗಿದ ಬಳಿಕ ಅದರ ಹಸಿರು ಬಟ್ಟಲೇ ಹಿಗ್ಗಿ, ತೆಳುಕಾಗದದ ಚೀಲವಾಗಿ ಕಾಯನ್ನು ಮುಚ್ಚುವುದು. ಚೀಲವನ್ನು ಹರಿದರೆ ಒಳಗೆ ಬಟಾಣಿಗಿಂತ ಕಿರಿದಾದ, ಕುಂಕುಮಗೆಂಪಿನ ನುಣುಪಾದ ಹಣ್ಣು!

ಗೃಹಸ್ಥರು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಮಕ್ಕಳು ಹೊಲದಲ್ಲಿ ಕಿತ್ತು ತಿನ್ನುವ ಗುಪ್ಪಟೆ ಹಣ್ಣಿಗೂ ಇಂಥದೇ ಚೀಲವುಂಟು. ಎರಡೂ ಬದನೆಯ ಕುಲದವೇ. ಆದರೆ ಗುಪ್ಪಟೆ ಮಳೆಗಾಲದ ಮೃದು ಸಸಿ. ಅದರ ಚೀಲ ಒಂಟಿಯಾಗಿ ಲಾಂದ್ರದಂತೆ ಜೋಲುವುದು, ಹಣ್ಣು ಮಾಗಿದರೂ ಹಳದಿಯೇ. ಗುಂಪಾಗಿ ಕುಳಿತ ಕೆಂಪು ಹಣ್ಣಾದರೆ ಮಕ್ಕಳು ಬಾಯಿಗೆ ಹಾಕಲಾಗದು.

ಇದರ ಔಷಧವಿರುವುದು ಬೇರಿನಲ್ಲಿ. ಅಂಗಡಿಗೆ ಬರುವ ಬೇರನ್ನು ಮಧ್ಯಪ್ರದೇಶದ ನೀಮಚ್, ಮಂದಸೌರ್ ಸೀಮೆಗಳಲ್ಲಿ ಹೊಲಗಳಲ್ಲಿಯೇ ಬೆಳೆಯುವರು. ದಾರಿಬದಿಯ ಗಿಡವನ್ನು ಕೀಳುವ ಅಗತ್ಯವಿಲ್ಲ. ಗರ್ಭಿಣಿಯರಿಗಂತೂ ಇದು ವರ್ಜ್ಯ. ಡೆನ್ಮಾರ್ಕ್ ದೇಶವು ೨೦೨೩ರಲ್ಲಿ ಆಹಾರಪದಾರ್ಥಗಳಲ್ಲಿ ಇದನ್ನು ನಿಷೇಧಿಸಿತು. ಹಿರಿಯ ಮದ್ದೆಂಬ ಹೆಸರಿದ್ದ ಮಾತ್ರಕ್ಕೆ ವೈದ್ಯರನ್ನು ಕೇಳದೆ ಕಷಾಯ ಕಾಸುವುದು ನಮಗೆ ಸರಿದೋರದು.

ಹಸಿಬೇರು ಕುದುರೆಯಂತೆ ನಾರುವುದೆಂದೇ ಅಶ್ವಗಂಧವೆಂಬ ಹೆಸರು. ಕುಷ್ಟಗಿಯ ಬಳಿ ಬುಡದ ಮಣ್ಣನ್ನು ತುಸು ಸರಿಸಿ, ಬೇರನ್ನು ಉಗುರಿನಿಂದ ಕೆರೆದು ಮೂಸಿದೆವು. ಜೊತೆಗಿದ್ದ ಕುರುಬನೂ ಮೂಸಿ, ಇದು ಕುದುರೆಯದಲ್ಲ, ಮಳೆಯಲ್ಲಿ ನೆನೆದ ಹೋತದ ವಾಸನೆಯೆಂದು ತೀರ್ಮಾನವಿತ್ತು, ಮಣ್ಣನ್ನು ಮೊದಲಿನಂತೆ ಮುಚ್ಚಿದನು.